ಒಂದು ಜಿಲ್ಲೆ, ಹಲವು ಪಂಚಾಂಗ



ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆ ಹುಟ್ಟಿದ್ದು 1986ರ ಆಗಸ್ಟ್ 15ರಂದು. ಶಾಲೆಯ ಮಕ್ಕಳನ್ನು ಬಿಡಿ, ದೊಡ್ಡವರನ್ನು ಕೇಳಿದರೂ ಆ ದಿನ ಯಾವುದೆಂಬುದಕ್ಕೆ ಉತ್ತರ ಸುಲಭಕ್ಕೆ ಸಿಗುವುದಿಲ್ಲ. ಅದಕ್ಕೆ ಕಾರಣವೂ ಇದೆ. ಆ ದಿನ ಬೆಳಗ್ಗೆ ಊರೂರಲ್ಲಿ ಬಾವುಟ ಏರುತ್ತದೆ, ಮಕ್ಕಳು ಸಾಲಾಗಿ ನಿಂತು ಹಾಡುತ್ತಾರೆ, ಮಿಠಾಯಿ ಹಂಚುತ್ತಾರೆ. ದೇಶದ ಹಬ್ಬದ ನೆರಳಲ್ಲಿ ಜಿಲ್ಲೆಯ ಹುಟ್ಟುಹಬ್ಬ ಮರೆಯಾಗಿ ಕೂತಿದೆ. ಮುಂದೆ 2007ರ ಆಗಸ್ಟ್ 23ರಂದು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳು ಬೇರೆ ಜಿಲ್ಲೆಯಾಗಿ ಹೋದವು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕು ತಾಲ್ಲೂಕುಗಳು ಉಳಿದವು. 2025ರ ಜುಲೈ 2ರಂದು ನಂದಿಬೆಟ್ಟದಲ್ಲಿ ಸೇರಿದ ಸಚಿವ ಸಂಪುಟ ಈ ಜಿಲ್ಲೆಯನ್ನು ಬೆಂಗಳೂರು ಉತ್ತರ ಎಂದು ಕರೆಯಲು ತೀರ್ಮಾನಿಸಿತು. ನಲವತ್ತು ವರ್ಷದೊಳಗೆ ಗಡಿ ಬದಲಾಗಿದೆ, ಹೆಸರಿಗೂ ಬದಲಾವಣೆಯ ಕಾಲ ಬಂದಿದೆ. ಇಂಥ ಹೊತ್ತಿನಲ್ಲಿ ಈ ನೆಲದ ನೆನಪುಗಳನ್ನು ಒಂದೆಡೆ ಕೂಡಿಡುವ ಕೆಲಸ ಅವಸರದ್ದು ಎಂದು ನಾನು ನಂಬಿದ್ದೇನೆ. ಈ ದತ್ತಿ ಉಪನ್ಯಾಸಕ್ಕೆ ‘ವರ್ಷದ ಉದ್ದಕ್ಕೂ ಜಿಲ್ಲೆಯ ನೆನಪಿನ ದಿನಗಳು’ ಎಂಬ ವಿಷಯವನ್ನು ಆರಿಸಿಕೊಂಡದ್ದು ಅದಕ್ಕಾಗಿಯೇ.

ನನ್ನ ಮಾತಿನ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ಈ ಜಿಲ್ಲೆಯ ಚರಿತ್ರೆ ಒಂದೇ ಕ್ಯಾಲೆಂಡರಿನಲ್ಲಿ ಬರೆದದ್ದಲ್ಲ. ಶಾಸನಗಳಲ್ಲಿ ಅದು ಸಂವತ್ಸರ, ಮಾಸ, ತಿಥಿಗಳಲ್ಲಿದೆ. ಫಾರಸಿ ಬಖೈರುಗಳಲ್ಲಿ ಹಿಜರಿ ತಿಂಗಳುಗಳಲ್ಲಿದೆ. ಸರ್ಕಾರದ ಆದೇಶಗಳಲ್ಲಿ ಇಂಗ್ಲಿಷ್ ತಾರೀಖಿನಲ್ಲಿದೆ. ರೈತರ ಬಾಯಲ್ಲಿ ಮಳೆ ನಕ್ಷತ್ರಗಳಲ್ಲಿದೆ. ಗೋಡೆಯ ಮೇಲಿನ ಕ್ಯಾಲೆಂಡರಿನ ಜನವರಿಯಿಂದ ಡಿಸೆಂಬರಿನ ಮನೆಗಳಲ್ಲಿ ಮಾತ್ರ ಹುಡುಕಿದರೆ ಮುಕ್ಕಾಲು ಚರಿತ್ರೆ ಕೈತಪ್ಪಿಹೋಗುತ್ತದೆ.

ಘಾಟಿ ಸುಬ್ರಹ್ಮಣ್ಯದ ತೇರನ್ನೇ ನೋಡಿ. ಒಂದೇ ಶಿಲೆಯಲ್ಲಿ ಪೂರ್ವಕ್ಕೆ ಮುಖ ಮಾಡಿದ ಸುಬ್ರಹ್ಮಣ್ಯ, ಪಶ್ಚಿಮಕ್ಕೆ ಮುಖ ಮಾಡಿದ ನರಸಿಂಹ. ಹಿಂದಿನ ದೇವರ ದರ್ಶನಕ್ಕೆ ಗರ್ಭಗುಡಿಯಲ್ಲಿ ಕನ್ನಡಿ. ಇದು ನಿಮಗೆಲ್ಲ ಗೊತ್ತಿರುವ ಸಂಗತಿ. ಅಲ್ಲಿನ ಬ್ರಹ್ಮರಥೋತ್ಸವ ಪುಷ್ಯ ಶುದ್ಧ ಷಷ್ಠಿಗೆ. ಅದಕ್ಕೆ ಮುಂಚಿನ ದಿನಗಳಲ್ಲಿ ದನಗಳ ಜಾತ್ರೆ ಕಟ್ಟುತ್ತದೆ, ದೂರದ ಜಿಲ್ಲೆಗಳಿಂದ ಜೋಡಿ ಎತ್ತುಗಳು ಬರುತ್ತವೆ. ಚಾಂದ್ರಮಾನದ ವರ್ಷ ಇಂಗ್ಲಿಷ್ ವರ್ಷಕ್ಕಿಂತ ಹನ್ನೊಂದು ದಿನದಷ್ಟು ಚಿಕ್ಕದು. ಅಧಿಕಮಾಸ ಬಂದಾಗ ಮತ್ತೆ ಮುಂದಕ್ಕೆ ಸರಿದು ಸರಿಹೊಂದುತ್ತದೆ. ಹೀಗಾಗಿ 2023ರ ಜನವರಿಯಿಂದ ಡಿಸೆಂಬರಿನವರೆಗೆ ಒಂದೇ ಒಂದು ಪುಷ್ಯ ಶುದ್ಧ ಷಷ್ಠಿಯೂ ಬೀಳಲಿಲ್ಲ. 2025ರಲ್ಲಿ ಎರಡು ಬಂದವು: ಜನವರಿಯ ಮೊದಲ ವಾರದಲ್ಲೊಂದು, ಡಿಸೆಂಬರಿನ ಕೊನೆಯ ವಾರದಲ್ಲೊಂದು. ಇಂಗ್ಲಿಷ್ ತಾರೀಖನ್ನೇ ನೆಚ್ಚಿ ದಾಖಲೆ ಬರೆಯುವ ಮುಂದಿನ ಕಾಲದ ಸಂಶೋಧಕ 2023ರಲ್ಲಿ ಘಾಟಿಯಲ್ಲಿ ತೇರೇ ಎಳೆಯಲಿಲ್ಲ ಎಂದು ಬರೆದರೆ ಅದು ಅವನ ತಪ್ಪಲ್ಲ, ಅವನಿಗೆ ಕ್ಯಾಲೆಂಡರ್ ಕಲಿಸಿದವರ ತಪ್ಪು.

ಅದೇ ಋತುವಿನಲ್ಲಿ ಬರುವ ಮಕರ ಸಂಕ್ರಾಂತಿ ಸೂರ್ಯನ ಲೆಕ್ಕದ್ದು, ಇಂಗ್ಲಿಷ್ ತಾರೀಖಿನ ಜೊತೆಗೇ ನಡೆಯುತ್ತದೆ. ಅಂದು ನೆಲಮಂಗಲ ತಾಲ್ಲೂಕಿನ ಶಿವಗಂಗೆಯಲ್ಲಿ ಗಂಗಾಧರೇಶ್ವರ ಮತ್ತು ಹೊನ್ನಾದೇವಿಯರ ಗಿರಿಜಾ ಕಲ್ಯಾಣ. ಬೆಟ್ಟದ ತುದಿಯ ತೀರ್ಥಕಂಬದ ಬಳಿ ಅಂದು ಒಸರುವ ನೀರನ್ನು ಕೆಳಗೆ ತಂದು ಅದರಿಂದಲೇ ಧಾರೆ ಎರೆಯುವುದು ವಾಡಿಕೆ. ಸಾವಿರಾರು ಜನ ಸೇರುವ ಆ ದಿನವನ್ನು ಜಿಲ್ಲೆಗೆ ಯಾರೂ ನೆನಪಿಸಬೇಕಾಗಿಲ್ಲ.

ಆದರೆ ಅದೇ ಬೆಟ್ಟದಲ್ಲಿ ನಡೆದ ಇನ್ನೊಂದು ಘಟನೆಯ ದಿನವನ್ನು ನಾವು ಪೂರ್ತಿ ಕೈಬಿಟ್ಟಿದ್ದೇವೆ. ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ ಶಾಂತಲೆ ತೀರಿಕೊಂಡದ್ದು ಶಿವಗಂಗೆಯಲ್ಲಿ. ವಿರೋಧಿಕೃತ್ ಸಂವತ್ಸರದ ಚೈತ್ರ ಶುದ್ಧ ಪಂಚಮಿ. ವಿದ್ವಾಂಸರು ಇದನ್ನು 1131ನೇ ಇಸವಿ ಎಂದು ಎಣಿಸುತ್ತಾರೆ. ಯುಗಾದಿಯ ಬೇವು ಬೆಲ್ಲ ತಿಂದ ನಾಲ್ಕನೆಯ ದಿನಕ್ಕೆ ಪ್ರತಿ ವರ್ಷ ಈ ತಿಥಿ ನಮ್ಮ ಮುಂದೆ ಬಂದು ಹೋಗುತ್ತದೆ. ಈ ವಿವರ ಸಿಗುವುದು ಶ್ರವಣಬೆಳಗೊಳದ ಶಾಸನದಲ್ಲಿ. ಅಲ್ಲಿ 1123ರಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದವಳು ಅವಳೇ. ನಮ್ಮ ಜಿಲ್ಲೆಯ ಒಂದು ದೊಡ್ಡ ದಿನದ ಸಾಕ್ಷಿ ಹಾಸನ ಜಿಲ್ಲೆಯ ಕಲ್ಲಿನ ಮೇಲೆ ಇದೆ ಎಂಬ ಕಾರಣಕ್ಕೇ ಅದು ನಮ್ಮ ಪಾಠಗಳಿಂದ ಹೊರಗುಳಿದಿರಬಹುದು.

ಶಿವಗಂಗೆ ಹತ್ತಿದವರಿಗೆಲ್ಲ ಗೈಡುಗಳು ಒಂದು ಬಂಡೆ ತೋರಿಸಿ, ಶಾಂತಲೆ ಇಲ್ಲಿಂದಲೇ ಹಾರಿ ಪ್ರಾಣ ಬಿಟ್ಟಳು ಎನ್ನುತ್ತಾರೆ. ಮಕ್ಕಳಿಲ್ಲದ ಕೊರಗು, ಸವತಿಯ ಸಂಕಟ ಎಂದೆಲ್ಲ ಕಥೆ ಬೆಳೆದಿದೆ. ಶಾಸನ ಹಾಗೆ ಹೇಳುವುದಿಲ್ಲ. ಆಕೆ ಶಿವಗಂಗೆಯ ತೀರ್ಥದಲ್ಲಿ ಕಾಲವಾಗಿ ಸ್ವರ್ಗಕ್ಕೆ ಸಂದಳು ಎಂಬಷ್ಟೇ ಅದರ ಮಾತು. ಮಗಳು ಹೋದ ಮೇಲೆ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಹೋಗಿ ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟಳು ಎಂಬುದೂ ಅದರಲ್ಲೇ ಇದೆ. ಕಲ್ಲು ಇಷ್ಟು ಸಂಯಮದಿಂದ ಹೇಳಿರುವಾಗ ನಾವು ಹಾರುವ ಬಂಡೆಯನ್ನು ಹುಟ್ಟುಹಾಕಿದ್ದು ನನಗೆ ನೋವು ತರುವ ಸಂಗತಿ. ಗಂಡ ವೈಷ್ಣವ, ಹೆಂಡತಿ ಜೈನ ಶ್ರಾವಕಿ, ಅವಳು ಕೊನೆಯುಸಿರೆಳೆದದ್ದು ಶೈವ ಕ್ಷೇತ್ರದಲ್ಲಿ. ಆ ಕಾಲದ ನೆಲಮಂಗಲದ ಸೀಮೆ ಹೇಗಿತ್ತು ಎಂಬುದನ್ನು ತಿಳಿಯಲು ಈ ಒಂದು ಸಾವಿಗಿಂತ ಒಳ್ಳೆಯ ಪಾಠ ಬೇಕಿಲ್ಲ. ಚೈತ್ರ ಶುದ್ಧ ಪಂಚಮಿಯಂದು ಶಿವಗಂಗೆಯ ತಪ್ಪಲಿನ ಶಾಲೆಗಳಲ್ಲಿ ಆ ಶಾಸನವನ್ನು ಓದಿ ಅರ್ಥ ಹೇಳುವಂತಾಗಬೇಕು.

ಇನ್ನು ದೇವನಹಳ್ಳಿಗೆ ಬರೋಣ. ಆವತಿಯ ನಾಡಪ್ರಭುಗಳ ವಂಶದ ಮಲ್ಲಬೈರೇಗೌಡ 1501ರಲ್ಲಿ ಅಲ್ಲಿ ಮಣ್ಣಿನ ಕೋಟೆ ಕಟ್ಟಿದ. 1749ರಲ್ಲಿ ಮೈಸೂರಿನ ದಳವಾಯಿಗಳ ಸೇನೆ ಆ ಕೋಟೆಯನ್ನು ಮುತ್ತಿತು. ಹೈದರ್ ಅಲಿ ಎಂಬ ಯುವಕನ ಹೆಸರು ಮೈಸೂರಿನ ದೊರೆತನದ ಕಿವಿಗೆ ಮೊದಲು ಬಿದ್ದದ್ದು ಈ ಮುತ್ತಿಗೆಯಲ್ಲಿ. ಅಣ್ಣ ಶಹಬಾಜ್ ಆಗಲೇ ಸೇನೆಯಲ್ಲಿದ್ದ. ತಮ್ಮ ತೋರಿದ ಧೈರ್ಯ ಕಂಡು ದಳವಾಯಿ ಮನೆತನದ ನಂಜರಾಜಯ್ಯ ಅವನಿಗೆ ಒಂದು ತುಕಡಿಯ ನಾಯಕತ್ವ ಕೊಟ್ಟ. ಮುಂದೆ ಅರ್ಧ ಶತಮಾನ ದಕ್ಷಿಣ ಭಾರತವನ್ನು ನಡುಗಿಸಿದ ಕಥೆ ದೇವನಹಳ್ಳಿಯ ಕೋಟೆ ಬಾಗಿಲಲ್ಲಿ ಶುರುವಾಯಿತು ಎಂದರೆ ಉತ್ಪ್ರೇಕ್ಷೆ ಅಲ್ಲ.

ಆ ಮುತ್ತಿಗೆಯ ನಂತರ ಅದೇ ಊರಿನಲ್ಲಿ ಹೈದರನಿಗೆ ಗಂಡು ಮಗು ಹುಟ್ಟಿತು. ಹುಟ್ಟಿದ ದಿನ ಯಾವುದು? ಹಳೆಯ ಪುಸ್ತಕಗಳು ಹಿಜರಿ 1163ರ ಜಿಲ್‌ಹಜ್ 20 ಎನ್ನುತ್ತವೆ. ಇಂಗ್ಲಿಷ್ ಲೆಕ್ಕದಲ್ಲಿ ಅದು 1750ರ ನವೆಂಬರ್ 20 ಎಂದು ಬಹುಕಾಲ ಪಾಠಪುಸ್ತಕಗಳಲ್ಲಿತ್ತು. 2015ರಲ್ಲಿ ರಾಜ್ಯ ಸರ್ಕಾರ ಟಿಪ್ಪು ಜಯಂತಿಯನ್ನು ಆರಂಭಿಸಿದಾಗ ಆರಿಸಿಕೊಂಡದ್ದು ನವೆಂಬರ್ 10. 2019ರಲ್ಲಿ ಸರ್ಕಾರ ಆ ಆಚರಣೆಯನ್ನು ಕೈಬಿಟ್ಟಿತು. 1751ರ ಡಿಸೆಂಬರ್ 1 ಎಂಬ ವಾದವೂ ಇದೆ. ಆಚರಣೆ ಬೇಕೇ ಬೇಡವೇ ಎಂಬ ಜಗಳ ರಾಜ್ಯವನ್ನೇ ಅಲುಗಾಡಿಸಿತು. ಆದರೆ ಆ ಗದ್ದಲದ ನಡುವೆ ತಾರೀಖಿನ ಪ್ರಶ್ನೆಯನ್ನು ಕೂತು ವಿಚಾರಿಸಿದವರು ಕಡಿಮೆ.

ಈ ಮಗು ಬೆಳೆದು ಪಟ್ಟಕ್ಕೆ ಬಂದ ಮೇಲೆ ಮಾಡಿದ ಒಂದು ಕೆಲಸ ನನ್ನ ಇಂದಿನ ವಿಷಯಕ್ಕೆ ನೇರವಾಗಿ ಸೇರಿದ್ದು. ಟಿಪ್ಪು ಸುಲ್ತಾನ ಹೊಸದೊಂದು ಕ್ಯಾಲೆಂಡರನ್ನೇ ಜಾರಿಗೆ ತಂದ. ಹಿಜರಿ ಪೂರ್ತಿ ಚಂದ್ರನ ಲೆಕ್ಕ. ಅದರಲ್ಲಿ ತಿಂಗಳುಗಳು ಋತುಗಳ ಜೊತೆ ನಿಲ್ಲುವುದಿಲ್ಲ, ಕಂದಾಯ ವಸೂಲಿಗೂ ಬೆಳೆಗೂ ತಾಳ ತಪ್ಪುತ್ತದೆ. ಮೈಸೂರಿನ ರೈತರು, ಶಾನುಭೋಗರು ನಡೆಸುತ್ತಿದ್ದದ್ದು ಅಧಿಕಮಾಸವಿರುವ ಚಾಂದ್ರಮಾನ. ಟಿಪ್ಪುವಿನ ಕ್ಯಾಲೆಂಡರ್ ಅದೇ ಚಾಂದ್ರಮಾನದ ಚೌಕಟ್ಟಿನ ಮೇಲೆ ನಿಂತಿತು. ಚೈತ್ರದ ಜಾಗದಲ್ಲಿ ಅಹ್ಮದಿ ಎಂಬ ತಿಂಗಳು. ಅರವತ್ತು ಸಂವತ್ಸರಗಳ ಚಕ್ರ ಹಾಗೇ ಉಳಿಯಿತು, ಹೆಸರುಗಳು ಹೊಸವಾದವು. ವರ್ಷದ ಎಣಿಕೆ ಪ್ರವಾದಿಯವರ ಜನ್ಮದಿಂದ, ಅದಕ್ಕೆ ಮೌಲೂದಿ ಎಂಬ ಹೆಸರು. ಆ ಕಾಲದ ನಾಣ್ಯಗಳ ಮೇಲೆ ಮೌಲೂದಿ ಇಸವಿಯ ಅಂಕಿಗಳು ಬಲದಿಂದ ಎಡಕ್ಕೆ ಸಾಗುತ್ತವೆ. 1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಅವನು ಬಿದ್ದಾಗ ಈ ಕ್ಯಾಲೆಂಡರೂ ಅವನ ಜೊತೆಗೇ ಮುಗಿಯಿತು. ಎರಡು ಕಾಲಗಣನೆಗಳನ್ನು ಒಂದಾಗಿ ಹೊಲಿಯಲು ಹೊರಟ ದೊರೆ ಹುಟ್ಟಿದ್ದು ನಮ್ಮ ದೇವನಹಳ್ಳಿಯಲ್ಲಿ. ಅವನ ಬಗ್ಗೆ ಯಾರಿಗೆ ಯಾವ ಅಭಿಪ್ರಾಯವಿದ್ದರೂ ಈ ಸಂಗತಿ ನಮ್ಮ ಶಾಲೆಗಳ ಗಣಿತದ ಪಾಠದಲ್ಲಾದರೂ ಬರಬೇಕು.

ದೇವನಹಳ್ಳಿಯ ಕೋಟೆ 1791ರಲ್ಲಿ ಇಂಗ್ಲಿಷರ ದಂಡನಾಯಕ ಕಾರ್ನ್‌ವಾಲಿಸನ ಸೇನೆಯ ಕೈಸೇರಿತು. ಅದೇ ವರ್ಷದ ಅಕ್ಟೋಬರ್ 19ರ ಹೊತ್ತಿಗೆ ನೆರೆಯ ನಂದಿದುರ್ಗವೂ ಬಿತ್ತು. ಹೊಸಕೋಟೆಯ ಯುದ್ಧದ ದಿನಗಳೂ ಇವಕ್ಕೆ ಸೇರಿಕೊಳ್ಳುತ್ತವೆ. ಸುಗಟೂರಿನ ತಮ್ಮೇಗೌಡ 1595ರಲ್ಲಿ ಕೋಟೆಯನ್ನೂ ದೊಡ್ಡ ಕೆರೆಯನ್ನೂ ಕಟ್ಟಿಸಿದ ಊರು ಅದು. 1761ರಲ್ಲಿ ನಿಜಾಮರ ಮನೆತನದ ಬಸಾಲತ್ ಜಂಗ್ ಹೊಸಕೋಟೆಯನ್ನು ಮುತ್ತಿದ್ದಾಗ ಹೈದರ್ ಅವನೊಡನೆ ಒಪ್ಪಂದ ಮಾಡಿಕೊಂಡು ಶಿರಾದ ನವಾಬ ಎಂಬ ಬಿರುದು ಪಡೆದ. 1768ರ ಆಗಸ್ಟಿನ ಒಂದು ರಾತ್ರಿ ಅದೇ ಹೊಸಕೋಟೆಯ ಬಳಿ ಬೀಡು ಬಿಟ್ಟಿದ್ದ ಮುರಾರಿರಾಯನ ಮರಾಠಾ ಪಾಳೆಯದ ಮೇಲೆ ಹೈದರನ ಪಡೆ ಎರಗಿತು. ತಮ್ಮೇಗೌಡನ ಕೆರೆ ಈ ಸೇನೆಗಳಿಗಿಂತ ಹೆಚ್ಚು ಕಾಲ ಬಾಳಿದೆ. ದಕ್ಷಿಣ ಪಿನಾಕಿನಿಯ ನೀರಿನ ಆ ಕೆರೆ ಕೋಡಿ ಬಿದ್ದ ವರ್ಷಗಳನ್ನು ಊರಿನ ಹಿರಿಯರು ಯುದ್ಧಗಳಿಗಿಂತ ಚೆನ್ನಾಗಿ ನೆನಪಿಟ್ಟಿರುತ್ತಾರೆ. ಅವು ಯಾವ ಪಟ್ಟಿಗೂ ಸೇರಿಲ್ಲ.

ನಾವು ಕುಳಿತಿರುವ ಈ ದೊಡ್ಡಬಳ್ಳಾಪುರವೂ ಹೈದರನ ಬದುಕಿನಲ್ಲಿ ಕಹಿಯಾಗಿ ನಿಂತ ಊರು. ತಂದೆ ಫತೇ ಮಹಮ್ಮದ್ ತೀರಿಹೋದ ಮೇಲೆ ಇಲ್ಲಿನ ಜಹಗೀರುದಾರ ಅಬ್ಬಾಸ್ ಕುಲಿ ಖಾನ ಆ ಕುಟುಂಬದ ಆಸ್ತಿಯನ್ನು ದೋಚಿ ಎಳೆಯ ಮಕ್ಕಳಿಬ್ಬರನ್ನು ಹಿಂಸಿಸಿದ ಕಥೆಯನ್ನು ವಿಲ್ಕ್ಸ್ ತನ್ನ ಮೈಸೂರಿನ ಇತಿಹಾಸದಲ್ಲಿ ದಾಖಲಿಸಿದ್ದಾನೆ. 1761ರಲ್ಲಿ ಹೈದರ್ ಸೈನ್ಯದೊಡನೆ ಬಂದಾಗ ಅಬ್ಬಾಸ್ ಕುಲಿ ಊರು ಬಿಟ್ಟು ಮದರಾಸಿಗೆ ಓಡಿದ.

ಕತ್ತಿಯ ಕಥೆ ಇಷ್ಟು ಸಾಕು. 1936ರ ಫೆಬ್ರವರಿ 5ರಂದು ದೇವನಹಳ್ಳಿಯಲ್ಲಿ ಕೆ.ಎಸ್. ನಿಸಾರ್ ಅಹಮದ್ ಹುಟ್ಟಿದರು. ಭೂವಿಜ್ಞಾನ ಓದಿ, ಅದನ್ನೇ ಕಾಲೇಜುಗಳಲ್ಲಿ ಪಾಠ ಹೇಳಿದ ಕವಿ. ಅವರ ‘ನಿತ್ಯೋತ್ಸವ’ 1978ರಲ್ಲಿ ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ಧ್ವನಿಸುರುಳಿಯಾಗಿ ಬಂದು ಮನೆ ಮನೆ ಸೇರಿತು. ಶಿವಮೊಗ್ಗದ 73ನೆಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು, 2017ರಲ್ಲಿ ಮೈಸೂರು ದಸರಾ ಉದ್ಘಾಟಿಸಿದರು, 2020ರ ಮೇ 3ರಂದು ತೀರಿಕೊಂಡರು. ಆ ದಿನಗಳಲ್ಲಿ ಲಾಕ್‌ಡೌನ್ ಇತ್ತು. ಸೇರಬೇಕಾದಷ್ಟು ಜನ ಸೇರಿ ಅವರನ್ನು ಕಳಿಸಿಕೊಡಲು ನಾಡಿಗೆ ಆಗಲಿಲ್ಲ. ಆ ಸಾಲವನ್ನು ನಾವು ಫೆಬ್ರವರಿ 5ರಂದು ತೀರಿಸಬಹುದು. ನವೆಂಬರ್ 1ಕ್ಕೆ ನಾಡೆಲ್ಲ ಅವರ ಹಾಡು ಹಾಡುತ್ತದೆ. ಹುಟ್ಟಿದ ಊರಿನವರು ಅವರನ್ನು ಹುಟ್ಟಿದ ದಿನದಂದು ನೆನೆಯುವುದು ಬೇರೆಯೇ ಗೌರವ.

ಈಗಿನ ಮಕ್ಕಳಿಗೆ ದೇವನಹಳ್ಳಿ ಎಂದರೆ ವಿಮಾನ ನಿಲ್ದಾಣ. ಅದರ ದಿನಗಳು ಎಲ್ಲೆಡೆ ದಾಖಲಾಗಿವೆ, ಆದ್ದರಿಂದ ಬೇಗ ಹೇಳಿ ಮುಗಿಸುತ್ತೇನೆ. 2005ರ ಜುಲೈ 2ರಂದು ಕಾಮಗಾರಿ ಶುರುವಾಯಿತು. ಉದ್ಘಾಟನೆ ಮತ್ತೆ ಮತ್ತೆ ಮುಂದಕ್ಕೆ ಹೋಗಿ, ಕೊನೆಗೆ 2008ರ ಮೇ 23ರ ನಡುರಾತ್ರಿ ದಾಟುತ್ತಿದ್ದಂತೆ ವಿಮಾನಗಳ ಓಡಾಟ ಆರಂಭವಾಯಿತು. ನಡುರಾತ್ರಿಗೆ ದಿನ ಬದಲಾಗುವುದು ಇಂಗ್ಲಿಷ್ ಲೆಕ್ಕದಲ್ಲಿ. ನಮ್ಮ ಪಂಚಾಂಗಕ್ಕೆ ದಿನ ಹುಟ್ಟುವುದು ಸೂರ್ಯೋದಯಕ್ಕೆ, ಹಿಜರಿಗೆ ಸೂರ್ಯಾಸ್ತಕ್ಕೆ. ಓಡಾಟ ಆರಂಭವಾದ ಗಳಿಗೆಯೊಂದೇ ಮೂರು ಲೆಕ್ಕಗಳಲ್ಲಿ ಬೇರೆ ಬೇರೆ ಆಗಿ ಕೂರುತ್ತದೆ. 2013ರ ಡಿಸೆಂಬರ್ 14ರಂದು ನಿಲ್ದಾಣಕ್ಕೆ ಕೆಂಪೇಗೌಡರ ಹೆಸರು ಬಂತು, 2022ರ ನವೆಂಬರ್ 11ರಂದು 108 ಅಡಿಯ ಪ್ರತಿಮೆ ಮತ್ತು ಎರಡನೆಯ ಟರ್ಮಿನಲ್ ಉದ್ಘಾಟನೆಯಾದವು. ಕೆಂಪೇಗೌಡರ ಪೂರ್ವಿಕರ ಊರು ಆವತಿ ಅಲ್ಲಿಂದ ಕೂಗಳತೆಯ ದೂರ. ಜೂನ್ 27ರ ಕೆಂಪೇಗೌಡ ಜಯಂತಿಯ ಮೆರವಣಿಗೆ ಆವತಿಯಿಂದ ಹೊರಟರೆ ಎಷ್ಟು ಚೆಂದ! ಆವತಿಗೂ ದೇವನಹಳ್ಳಿಗೂ 1915ರಲ್ಲೇ ರೈಲು ಬಂದಿತ್ತು. ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ ಹಾಕಿದ ನ್ಯಾರೋಗೇಜ್ ಹಾದಿಯ ಸಣ್ಣ ನಿಲ್ದಾಣಗಳ ಕಟ್ಟಡಗಳು ಇಂದಿಗೂ ನಿಂತಿವೆ. ಅದೇ ಹಾದಿಯಲ್ಲಿ ವಿಮಾನ ನಿಲ್ದಾಣಕ್ಕೆಂದೇ ಮಾಡಿದ ಹಾಲ್ಟ್‌ಗೆ 2021ರ ಜನವರಿ 4ರಂದು ಮೊದಲ ರೈಲು ಬಂತು.

ನಾನು ಮನಸಾರೆ ಹೇಳಬೇಕೆಂದಿರುವುದು ಜುಲೈ ತಿಂಗಳ ಬಗ್ಗೆ. ವಿಮಾನ ನಿಲ್ದಾಣದ ಕೆಲಸ ಜುಲೈ 2ಕ್ಕೆ ಶುರುವಾಯಿತು ಎಂದೆ. ಜಿಲ್ಲೆಯ ಹೆಸರು ಬದಲಿಸುವ ತೀರ್ಮಾನವೂ ಜುಲೈ 2. ಇವು ಕಚೇರಿಗಳ ಜುಲೈ. ಬಯಲುಸೀಮೆಯ ನಮ್ಮ ಕೆಂಪು ಮಣ್ಣಿನಲ್ಲಿ ಇನ್ನೊಂದು ಜುಲೈ ಇದೆ. ಆರಿದ್ರಾ ಮಳೆ ಮುಗಿಯುತ್ತದೆ, ಪುನರ್ವಸು ಹುಟ್ಟುತ್ತದೆ, ಅದರ ಹಿಂದೆ ಪುಷ್ಯ. ಹೊಲ ಹದವಾಗಿ ರಾಗಿ ಬಿತ್ತನೆ ಸಾಗುವ ಕಾಲ. ಈ ಸೀಮೆಯ ಹಳ್ಳಿಯವರು ವರ್ಷವನ್ನು ಎಣಿಸುವುದು ಈ ಮಳೆಗಳಲ್ಲಿ.

ಈ ಎರಡೂ ಜುಲೈಗಳು ಎದುರುಬದುರಾದದ್ದು ಒಂದು ಧರಣಿಯಲ್ಲಿ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಜಮೀನನ್ನು ವೈಮಾನಿಕ ಉದ್ಯಮದ ಪಾರ್ಕಿಗಾಗಿ ಸ್ವಾಧೀನ ಮಾಡಿಕೊಳ್ಳಲು ಸರ್ಕಾರ ಮುಂದಾಯಿತು. ರಾಗಿ, ತರಕಾರಿ, ಹೂವು, ದ್ರಾಕ್ಷಿ, ಹಿಪ್ಪುನೇರಳೆ ಬೆಳೆಯುವ ನೆಲ ಅದು. ಬೆಂಗಳೂರಿನ ಮಾರುಕಟ್ಟೆಗೆ ಬೆಳಗಾಗುವುದರೊಳಗೆ ಮಾಲು ತಲುಪಿಸುವ ಸೀಮೆ. 2022ರ ಏಪ್ರಿಲ್ 4ರಂದು ರೈತರು ಧರಣಿ ಕುಳಿತರು. ಸುಗ್ಗಿಗಳು ಕಳೆದವು, ಚುನಾವಣೆ ಬಂತು, ಸರ್ಕಾರ ಬದಲಾಯಿತು, ಧರಣಿ ಮಾತ್ರ ಏಳಲಿಲ್ಲ. 2025ರ ಜೂನ್ 25ರಂದು ‘ದೇವನಹಳ್ಳಿ ಚಲೋ’ ನಡೆದು ಹೋರಾಟಗಾರರ ಬಂಧನವಾಯಿತು. ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ರೈತ ಪ್ರತಿನಿಧಿಗಳ ಸಭೆಯಲ್ಲಿ ಭೂಸ್ವಾಧೀನವನ್ನು ಕೈಬಿಡುವುದಾಗಿ ಪ್ರಕಟಿಸಿದರು. ಇಷ್ಟಪಟ್ಟು ಕೊಡುವವರಿದ್ದರೆ ಮಾತ್ರ ಪಡೆಯುವುದು ಎಂದರು. ಧರಣಿ ಶುರುವಾಗಿ ಆಗ 1,198 ದಿನ. ಅಂದು ಪುನರ್ವಸು ಮಳೆಯ ಕಾಲ.

ನಮ್ಮ ಜಿಲ್ಲೆಯ ಇತ್ತೀಚಿನ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ದಿನವನ್ನು ನಾನು ಕಾಣೆ. ಕೋಟೆಯ ಮುತ್ತಿಗೆಗಳಲ್ಲಿ ರೈತರು ಎಲ್ಲ ಪಕ್ಷಗಳಿಗೂ ಕಾಳು, ಹುಲ್ಲು ಒದಗಿಸಿ ಮೂಕರಾಗಿ ನಿಂತವರು. ಇಲ್ಲಿ ಅವರೇ ದಿನ ಗೊತ್ತು ಮಾಡಿದರು, ಅವರೇ ದಿನ ಎಣಿಸಿದರು. ಕೈಗಾರಿಕೆ ಬೇಡ ಎನ್ನುವವನು ನಾನಲ್ಲ. ಹೊಸಕೋಟೆಯ ಕಾರ್ಖಾನೆಗಳಲ್ಲಿ, ಇದೇ ಊರಿನ ಕೈಗಾರಿಕಾ ಪ್ರದೇಶದಲ್ಲಿ ದುಡಿದು ಮಕ್ಕಳನ್ನು ಓದಿಸಿದ ಸಾವಿರಾರು ಮನೆಗಳಿವೆ. ಆದರೆ ಫಲವತ್ತಾದ ನೆಲದ ಒಡೆಯರು ಬೇಡ ಎಂದಾಗ ಆ ಮಾತಿಗೆ ಬೆಲೆ ಸಿಕ್ಕ ದಿನ ಚರಿತ್ರೆಯಲ್ಲಿ ಅಪರೂಪ, ಅದನ್ನು ಬರೆದಿಡಲೇಬೇಕು.

ದಿನವೇ ಇಲ್ಲದ ನೆನಪುಗಳನ್ನು ಏನು ಮಾಡುವುದು? ಈ ಊರಿನ ಹತ್ತಿರದ ರಾಜಘಟ್ಟದಲ್ಲಿ 2001ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಎಂ.ಎಸ್. ಕೃಷ್ಣಮೂರ್ತಿಯವರು ಉತ್ಖನನ ನಡೆಸಿ ಬೌದ್ಧ ಚೈತ್ಯ, ವಿಹಾರಗಳ ತಳಪಾಯವನ್ನು ಬೆಳಕಿಗೆ ತಂದರು. ಅಂಗೈಯಲ್ಲಿ ಹಿಡಿಯುವಂಥ ಮಣ್ಣಿನ ಪುಟ್ಟ ಹರಕೆ ಸ್ತೂಪಗಳು ಅಲ್ಲಿ ರಾಶಿಯಾಗಿ ಸಿಕ್ಕವು. ಅವುಗಳ ಹೊಟ್ಟೆಯೊಳಗೆ ಅಕ್ಷರವಿದ್ದ ಮಣ್ಣಿನ ಬಿಲ್ಲೆಗಳು. ಆ ಭಿಕ್ಷುಗಳು ಯಾವ ತಿಥಿಗೆ ಬಂದರು, ಯಾವ ತಿಥಿಗೆ ಹೋದರು, ಹೇಳುವವರಿಲ್ಲ. ಅವರಿಗೆ ನಾವು ಬುದ್ಧ ಪೂರ್ಣಿಮೆಯನ್ನು ಕೊಡೋಣ. ಅಂದು ರಾಜಘಟ್ಟಕ್ಕೆ ಮಕ್ಕಳನ್ನು ಕರೆದೊಯ್ಯೋಣ. ಗಂಗರು ಮಾನ್ಯಪುರ ಎಂದು ಕರೆದ, ಅವರ ರಾಜಧಾನಿಯಾಗಿ ಬಾಳಿದ ನೆಲಮಂಗಲ ತಾಲ್ಲೂಕಿನ ಮಣ್ಣೆಗೆ ಬೇರೆ ಅನುಕೂಲವಿದೆ: ಅಲ್ಲಿ ದೊರೆತ 797ನೇ ಇಸವಿಯ ತಾಮ್ರಪಟ, ಮಾರಸಿಂಹನ ಸೇನಾಪತಿ ಶ್ರೀವಿಜಯ ಕಟ್ಟಿಸಿದ ಜಿನಾಲಯದ ದತ್ತಿಯನ್ನು ಹೇಳುತ್ತದೆ. ದತ್ತಿ ಉಪನ್ಯಾಸದಲ್ಲಿ ಹನ್ನೆರಡು ಶತಮಾನದ ಹಿಂದಿನ ಆ ದತ್ತಿಯನ್ನು ನೆನೆಯುವ ಭಾಗ್ಯ ನನ್ನದಾಯಿತು.

ಮಗ್ಗದ ಮನೆಗಳ ವರ್ಷವೂ ಹೀಗೆಯೇ ದಾಖಲೆಯಿಲ್ಲದ್ದು. ಆಗಸ್ಟ್ 7 ರಾಷ್ಟ್ರೀಯ ಕೈಮಗ್ಗ ದಿನ. ಅದು 1905ರ ಕಲ್ಕತ್ತೆಯ ಸ್ವದೇಶಿ ಚಳವಳಿಯ ನೆನಪು. ದೊಡ್ಡಬಳ್ಳಾಪುರದ ಬೀದಿಗಳಲ್ಲಿ ಸದ್ದು ಮಾಡುವುದು ವಿದ್ಯುತ್ ಮಗ್ಗ. ಈ ಊರಿಗೆ ಮೊದಲ ವಿದ್ಯುತ್ ಮಗ್ಗ ಬಂದ ದಿನ, ಕರೆಂಟ್ ಇಲ್ಲದೆ ವಾರಗಟ್ಟಲೆ ನಿಂತ ದಿನ, ನೂಲಿನ ಬೆಲೆ ಏರಿ ಬಾಗಿಲು ಮುಚ್ಚಿದ ದಿನ, ಇವು ನೇಕಾರರ ಲೆಕ್ಕದ ಪುಸ್ತಕಗಳಲ್ಲಿ, ಬ್ಯಾಂಕಿನ ಪಾಸ್‌ಬುಕ್ಕುಗಳಲ್ಲಿ ಇರಬಹುದು. ಹಳೆಯ ಕಾಗದ ತೂಕಕ್ಕೆ ಹಾಕುವ ಮುನ್ನ ಒಮ್ಮೆ ತೆರೆದು ನೋಡಿ ಎಂದು ನಿಮ್ಮಲ್ಲಿ ಬೇಡಿಕೊಳ್ಳುತ್ತೇನೆ.

ನನ್ನ ಕೋರಿಕೆ ಸ್ಪಷ್ಟವಾಗಿದೆ. ನಾಲ್ಕು ತಾಲ್ಲೂಕುಗಳ ಸಾಹಿತ್ಯ ಪರಿಷತ್ತಿನ ಘಟಕಗಳೂ ಶಿಕ್ಷಕರೂ ಸೇರಿ ಜಿಲ್ಲೆಯದೇ ಒಂದು ದಿನದರ್ಶಿ ಮಾಡಬೇಕು. ಪ್ರತಿ ಘಟನೆಯನ್ನು ಅದು ನಡೆದ ಕಾಲದ ಲೆಕ್ಕದಲ್ಲೇ ಮೊದಲು ಬರೆಯಬೇಕು, ಪಕ್ಕದಲ್ಲಿ ಇಂಗ್ಲಿಷ್ ತಾರೀಖು. ಶಾಂತಲೆಗೆ ಚೈತ್ರ ಶುದ್ಧ ಪಂಚಮಿ, ಟಿಪ್ಪುವಿಗೆ ಹಿಜರಿಯ ತಾರೀಖು ಮತ್ತು ಅದರ ಬಗೆಗಿನ ಭಿನ್ನಮತಗಳು, ಘಾಟಿಗೆ ತಿಥಿ, ಧರಣಿಗೆ ಮಳೆ ನಕ್ಷತ್ರ. ಒಂದೇ ಮನೆಯಲ್ಲಿ ಜಗಳವಿರುವ ದಿನಗಳಿದ್ದರೆ ಎರಡೂ ಕಡೆಯ ಮಾತು ಇರಲಿ.

ಮೊದಲು ಮಾಡಬೇಕಾದದ್ದು ಚನ್ನರಾಯಪಟ್ಟಣ ಹೋಬಳಿಯ ಕೆಲಸ. ಮಿಕ್ಕ ದಿನಗಳ ಸಾಕ್ಷಿಗಳು ಕಲ್ಲಿನಲ್ಲಿ, ತಾಮ್ರದಲ್ಲಿ, ಪುಸ್ತಕದಲ್ಲಿವೆ. ಅವು ಇನ್ನಷ್ಟು ಕಾಲ ಕಾಯುತ್ತವೆ. ಏಪ್ರಿಲ್ 4 ಮತ್ತು ಜುಲೈ 15ರ ಸಾಕ್ಷಿಗಳು ಆ 13 ಹಳ್ಳಿಗಳ ಮನೆಗಳಲ್ಲಿದ್ದಾರೆ. ಅವರಲ್ಲಿ ಎಪ್ಪತ್ತು ದಾಟಿದ ಅಜ್ಜಿಯರಿದ್ದಾರೆ. ಧರಣಿಗೆ ಅಡುಗೆ ಮಾಡಿದವರು ಯಾರು, ರಾತ್ರಿ ಕಾವಲು ಯಾರದು, ಬಿತ್ತನೆಯ ದಿನಗಳಲ್ಲಿ ಧರಣಿಗೂ ಹೊಲಕ್ಕೂ ಪಾಳಿ ಹೇಗೆ ಹಂಚಿಕೊಂಡರು ಎಂಬುದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಬೇಕು. ಈ ಸಭೆಯಲ್ಲಿರುವ ಕಾಲೇಜು ವಿದ್ಯಾರ್ಥಿಗಳು ಬರುವ ಪುನರ್ವಸು ಮಳೆಯೊಳಗೆ ಪುಸ್ತಕ, ಪೆನ್ನು ಹಿಡಿದು ಆ ಹಳ್ಳಿಗಳಿಗೆ ಹೋಗಲು ಒಪ್ಪಿದರೆ, ನಾನೂ ಜೊತೆಗೆ ಬರುತ್ತೇನೆ.